ಮರವಿಲ್ಲದ ನಾಡಿನ ಶಾಖಾಮೃಗ

ಸಂಸ್ಕೃತ ಕವಿಗಳು ಕಪಿಯನ್ನು ಶಾಖಾಮೃಗವೆಂದು ಕರೆದರು. ಕನ್ನಡವೂ ಆ ಹೆಸರನ್ನು ಆದರದಿಂದ ಸ್ವೀಕರಿಸಿತು. ಕೊಂಬೆಯಿಂದ ಕೊಂಬೆಗೆ ನೆಗೆಯುವ ಪ್ರಾಣಿಗೆ ಇದಕ್ಕಿಂತ ಒಪ್ಪುವ ಹೆಸರುಂಟೆ? ಆದರೆ ಇಥಿಯೋಪಿಯದ ಉತ್ತರದಲ್ಲಿರುವ ಸಿಮಿಯನ್ ಪರ್ವತಗಳನ್ನು ಏರಹೊರಟ ಯಾತ್ರಿಕನು ಆ ಹೆಸರನ್ನು ತಪ್ಪಲಿನಲ್ಲಿಯೇ ಬಿಟ್ಟು ಹೋಗಬೇಕಾಗುತ್ತದೆ.

ಹಳೆಯ ರಾಜಧಾನಿಯಾದ ಗೊಂಡರ್ ನಗರದಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ ದೇಬಾರ್ಕ್ ಎಂಬ ಪಟ್ಟಣವಿದೆ. ಬಂದೂಕು ಹೊತ್ತ ಕಾವಲುಗಾರನೊಡನೆ ಅಲ್ಲಿಂದ ಮೇಲಕ್ಕೆ ಸಾಗಿದರೆ ಮೊದಲು ಬಾರ್ಲಿಯ ಹೊಲಗಳು, ಬಳಿಕ ವಿಸ್ತಾರವಾದ ಹುಲ್ಲುಗಾವಲು. ನಡುನಡುವೆ ಕಂಬದಂತೆ ನಿಂತ ದೈತ್ಯ ಲೊಬೀಲಿಯ ಗಿಡಗಳು. ಹುಲ್ಲುಗಾವಲು ಒಮ್ಮೆಗೇ ಮುಗಿದುಹೋಗುತ್ತದೆ. ಮುಂದೆ ಸಾವಿರ ಮೀಟರಿಗೂ ಮಿಕ್ಕ ಆಳದ ಕಮರಿ. ಎಳೆಬಿಸಿಲು ಬೀಳುವ ಹೊತ್ತಿಗೆ ಆ ಕಮರಿಯ ಅಂಚಿನಿಂದ ಒಂದು ಕಪ್ಪು ಕೈ ಮೇಲೆ ಬರುತ್ತದೆ, ಅದರ ಹಿಂದೆ ಸಿಂಹದ ಕೇಸರವನ್ನು ಹೋಲುವ ಕೂದಲುಳ್ಳ ತಲೆ. ನೋಡನೋಡುತ್ತಿರುವಂತೆಯೇ ನೂರಾರು ಕಪಿಗಳು ಬಯಲನ್ನು ತುಂಬುತ್ತವೆ.

ಇವೇ ಗೆಲಾಡ ಕಪಿಗಳು. ಜರ್ಮನಿಯ ಪರಿಶೋಧಕ ಎಡ್ವರ್ಡ್ ರೂಪೆಲ್ 1835ರಲ್ಲಿ ಇವುಗಳನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದನು. ಚಿರತೆಯ ಭಯದಿಂದ ರಾತ್ರಿ ಬಂಡೆಯ ಚಾಚುಗಳಲ್ಲಿ ಮಲಗಿ, ಹಗಲೆಲ್ಲ ಹುಲ್ಲು ಮೇಯುವುದೇ ಇವುಗಳ ದಿನಚರಿ. ಹೌದು, ಹಸುವಿನಂತೆ ಮೇಯುವ ಕಪಿ! ಆಹಾರದ ಬಹುಪಾಲು ಹುಲ್ಲೇ. ಬೇಸಗೆಯಲ್ಲಿ ಹುಲ್ಲು ಒಣಗಿದಾಗ ನೆಲವನ್ನು ಅಗೆದು ಬೇರುಗಡ್ಡೆಗಳನ್ನು ತಿನ್ನುತ್ತವೆ.

ಈ ಬಾಳಿಗೆ ತಕ್ಕಂತೆ ದೇಹವೂ ರೂಪುಗೊಂಡಿದೆ. ಹೆಬ್ಬೆರಳು ತೋರುಬೆರಳುಗಳು ಚಿಮಟದಂತೆ ಕೂಡಿ ಒಂದೊಂದೇ ಎಸಳನ್ನು ಕೀಳಬಲ್ಲವು. ಗರಗಸದ ಏಣಿನಂತಿರುವ ಎತ್ತರದ ದವಡೆಹಲ್ಲುಗಳು ಒರಟು ಹುಲ್ಲನ್ನು ನುರಿಯುತ್ತವೆ. ಮೇಯುವಾಗ ಎದ್ದು ನಡೆಯುವ ಗೋಜಿಲ್ಲ. ಕುಳಿತಲ್ಲಿಂದಲೇ ಮುಂದಕ್ಕೆ ಸರಿಯುತ್ತವೆ. ಎದೆಯ ಮೇಲೆ ಕೂದಲಿಲ್ಲದ ಕೆಂಪು ಗುರುತೊಂದಿದೆ. ಬೇರೆ ಕಪಿಗಳು ಹಿಂಬದಿಯಲ್ಲಿ ತೋರುವ ವರ್ಣಸಂಕೇತವು, ಸದಾ ಕುಳಿತೇ ಇರುವ ಈ ಪ್ರಾಣಿಯಲ್ಲಿ ಎದೆಗೆ ಬಂದಿತೆಂದು ಪ್ರಾಣಿಶಾಸ್ತ್ರಜ್ಞರು ಊಹಿಸುತ್ತಾರೆ.

ಇನ್ನು ಉಸಿರಾಟದ ಮಾತು. 4,000 ಮೀಟರ್ ಎತ್ತರದಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕವು ಕಡಲತೀರದಲ್ಲಿ ದೊರೆಯುವುದರ ಶೇಕಡ 60ರಷ್ಟು ಮಾತ್ರ. ಬಯಲುಸೀಮೆಯ ಯಾತ್ರಿಕನು ಹತ್ತು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುವಲ್ಲಿ ಗೆಲಾಡದ ಮರಿಗಳು ಕುಸ್ತಿಯಾಡುತ್ತವೆ. 2022ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವು ಇದರ ಗುಟ್ಟನ್ನು ಸ್ವಲ್ಪ ಬಿಡಿಸಿತು. ರಕ್ತದಲ್ಲಿ ಹೀಮೋಗ್ಲೋಬಿನ್ ಹೆಚ್ಚಾಗಿರಬಹುದೆಂದು ನಿರೀಕ್ಷಿಸಿದವರಿಗೆ ಅದು ಕಾಣಲಿಲ್ಲ. ಆಮ್ಲಜನಕವನ್ನು ಹಿಡಿಯುವ ಅದರ ಶಕ್ತಿಯೂ ಮಿಗಿಲಾಗಿರಲಿಲ್ಲ. ಕಂಡದ್ದು, ಬಬೂನ್‌ಗಳಿಗಿಂತ ಹರವಾದ ಎದೆಗೂಡು, ಮತ್ತು ಆಮ್ಲಜನಕದ ಕೊರತೆಯನ್ನು ಎದುರಿಸುವ ವಂಶವಾಹಿಗಳಲ್ಲಿ ತಲೆತಲಾಂತರದಿಂದ ನೆಲೆಯೂರಿದ ಮಾರ್ಪಾಡುಗಳು. ಇನ್ನೊಂದು ವಿಸ್ಮಯವೂ ಹೊರಬಿದ್ದಿತು. ಬಬೂನ್‌ಗಳಲ್ಲಿ 42 ವರ್ಣತಂತುಗಳಿದ್ದರೆ, ಒಂದು ಜೋಡಿ ತುಂಡಾದ ಕಾರಣ ಸಿಮಿಯನ್ ಕಡೆಯ ಗೆಲಾಡಗಳಲ್ಲಿ 44 ಇವೆ. ಮಧ್ಯ ಇಥಿಯೋಪಿಯದ ಗೆಲಾಡಗಳಲ್ಲಿ ಈ ಒಡಕಿಲ್ಲ. ಒಂದೇ ಕುಲವು ಎರಡಾಗುವ ಹಾದಿಯಲ್ಲಿರಬಹುದು.

ಈ ಕುಲ ಒಂದು ಕಾಲಕ್ಕೆ ಬಹು ದೊಡ್ಡದಾಗಿತ್ತು. ಇದರ ದಾಯಾದಿಗಳ ಪಳೆಯುಳಿಕೆಗಳು ಆಫ್ರಿಕದ ಹಲವೆಡೆ ದೊರೆತಿವೆ. ಭಾರತದ ಶಿವಾಲಿಕ ಬೆಟ್ಟಸಾಲಿನ ಮಿರ್ಜಾಪುರದ ಬಳಿಯೂ ಒಂದು ದೊರೆತು, 1981ರಲ್ಲಿ ಅದರ ವಿವರ ಪ್ರಕಟವಾಯಿತು. ಅವುಗಳಲ್ಲಿ ಕೆಲವು ಗೆಲಾಡಕ್ಕಿಂತ ಬಹಳ ದೊಡ್ಡ ಗಾತ್ರದವು. ಅವೆಲ್ಲ ಅಳಿದವು, ಎತ್ತರವನ್ನು ಆಶ್ರಯಿಸಿದ ಈ ಒಂದು ಕವಲು ಮಾತ್ರ ಉಳಿಯಿತು.

ಪರ್ವತ ಕಾಪಾಡಿತು, ನಿಜ. ಆದರೆ ಅದೇ ಪರ್ವತ ಈಗ ಕಟ್ಟಿಯೂ ಹಾಕಿದೆ. ನಾಡಿನ ಕೋತಿ ಕಾಡು ಕಡಿದರೆ ಊರಿಗೆ ಬಂದೀತು, ದೇವಸ್ಥಾನದ ಬಾಳೆಹಣ್ಣಿನಿಂದ ಹೊಟ್ಟೆ ಹೊರೆದೀತು. ತಂಪು ಬೆಟ್ಟದ ಹುಲ್ಲಿಗೇ ತನ್ನನ್ನು ಒಪ್ಪಿಸಿಕೊಂಡ ಗೆಲಾಡಕ್ಕೆ ಆ ಉಪಾಯ ಸುಲಭವಲ್ಲ. ಹವೆ ಬಿಸಿಯಾದಂತೆ ಬಾರ್ಲಿ ಬೆಳೆಯುವ ಎಲ್ಲೆ ಮೇಲಕ್ಕೇರುತ್ತದೆ. ಹೊಲದ ಹಿಂದೆ ದನಕುರಿಗಳೂ ಏರುತ್ತವೆ. ಸುಮಾರು 4,550 ಮೀಟರಿನ ರಾಸ್ ದೆಜೆನ್ ಶಿಖರದ ಆಚೆಗೆ ಏರಲು ಬೆಟ್ಟವೇ ಇಲ್ಲ.

ರೈತನನ್ನು ದೂರಿ ಫಲವೇನು? ಅವನ ಅಜ್ಜ ಮುತ್ತಜ್ಜಂದಿರು ಉತ್ತ ಮಣ್ಣದು. ಸಿಮಿಯನ್ 1969ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1978ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1996ರಿಂದ 2017ರವರೆಗೆ ಅಪಾಯಕ್ಕೀಡಾದ ತಾಣವೆನಿಸಿತ್ತು. ಉದ್ಯಾನದೊಳಗಿದ್ದ ಗಿಚ್ ಗ್ರಾಮದ ಜನರನ್ನು 2016ರಲ್ಲಿ ದೇಬಾರ್ಕಿಗೆ ಸಾಗಿಸಲಾಯಿತು. ಹುಲ್ಲು ಮತ್ತೆ ಚಿಗುರಿತು, ಆದರೆ ಅದಕ್ಕೆ ಒಂದು ಊರು ಬೆಲೆ ತೆತ್ತಿತು.

ಸಂಜೆ ಗಾಳಿ ತಣ್ಣಗಾಗುತ್ತಲೇ ಗೆಲಾಡಗಳು ಅಂಚಿನತ್ತ ಸರಿಯುತ್ತವೆ. ಮರಿಗಳನ್ನು ಬೆನ್ನಿಗೇರಿಸಿಕೊಂಡ ತಾಯಂದಿರು ಒಂದೊಂದಾಗಿ ಕಮರಿಗಿಳಿದು ಕಣ್ಮರೆಯಾಗುತ್ತವೆ. ಮೇಲೆ ಹುಲ್ಲು ಉಳಿದಿರುವವರೆಗೆ, ಬೆಳಗಾಗುತ್ತಲೇ ಆ ಅಂಚಿನಲ್ಲಿ ಮತ್ತೆ ಒಂದು ಕಪ್ಪು ಕೈ ಕಾಣಿಸಿಕೊಂಡೀತು.