ಕೊನೆಯ ತೂಬಿನ ಬಳಿ

ಏಪ್ರಿಲ್ ಮೊದಲ ವಾರ, ರಾತ್ರಿ ಎರಡು ದಾಟಿದೆ. ಹರಿಹರ ತಾಲ್ಲೂಕಿನ ಭಾನುವಳ್ಳಿ ಕಡೆ ಗದ್ದೆಬದುವಿನ ಮೇಲೆ ನೀವು ಕೂತಿದ್ದೀರಿ. ಪಕ್ಕದಲ್ಲಿ ಸಲಿಕೆ ಊರಿಕೊಂಡು ಗದ್ದೆಯ ಯಜಮಾನ. ಬ್ಯಾಟರಿ ಬೆಳಕು ತೂಬಿನ ಮೇಲೆ ಬೀಳುತ್ತದೆ: ಒಣಗಿದ ಪಾಚಿ, ಬಿರುಕು ಬಿಟ್ಟ ಕೆಸರು, ಬಾಯಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ. ಭತ್ತ ಹೊಡೆ ತುಂಬುವ ಹೊತ್ತು. ಇನ್ನು ನಾಲ್ಕು ದಿನ ನೀರಿಲ್ಲದಿದ್ದರೆ ಕಾಳೆಲ್ಲ ಜೊಳ್ಳು.

ಯಜಮಾನನ ಫೋನು ಬಡಿದುಕೊಳ್ಳುತ್ತದೆ.

"ಬಂತೇನಣ್ಣಾ ನೀರು?"

"ಇಲ್ಲಪ್ಪಾ. ಮೇಲಿನವ್ರು ಬಿಟ್ರೆ ತಾನೆ?"

ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯಿಂದ ಹೊರಟ ಬಲದಂಡೆ ನಾಲೆ ಕವಲೊಡೆಯುತ್ತ ಇಲ್ಲಿಗೆ ಬಂದಿದೆ: ಶಾಖಾ ನಾಲೆ, ಉಪನಾಲೆ, ಹೊಲಗಾಲುವೆ. ಜಾಲ ವಿಜ್ಞಾನದಲ್ಲೂ ಇದಕ್ಕೆ ಮರವೆಂದೇ ಹೆಸರು. ಬುಡದಿಂದ ಪ್ರತಿ ಎಲೆಗೂ ಒಂದೇ ದಾರಿ, ಬಳಸಿ ಬರಲು ಇನ್ನೊಂದಿಲ್ಲ. ನಡುವೆ ಎಲ್ಲೋ ಒಂದು ಅಕ್ರಮ ಪಂಪ್‌ಸೆಟ್ ಗುರುಗುಟ್ಟಿದರೆ ಅದರ ಕೆಳಗಿನ ಎಲ್ಲ ತೂಬಿಗೂ ಅಷ್ಟು ಕಡಿಮೆ. ದಾರಿಯುದ್ದಕ್ಕೂ ಸೋರಿದ್ದು, ಕದ್ದದ್ದು ಎಲ್ಲ ಕೂಡಿ ಈ ಮನುಷ್ಯನ ಗದ್ದೆಯಲ್ಲಿ ಬಿರುಕಾಗಿ ಕಾಣುತ್ತದೆ. ಆ ಜಾಲ ವಿಜ್ಞಾನದ ಮೊದಲ ಹೆಜ್ಜೆಯೂ ಇಂಥ ನೋಟವೇ: 1736ರಲ್ಲಿ ಗಣಿತಜ್ಞ ಆಯ್ಲರ್ ಕೋನಿಗ್ಸ್‌ಬರ್ಗಿನ ಏಳು ಸೇತುವೆಗಳ ಒಗಟು ಬಿಡಿಸಿದಾಗ ದೂರ, ಅಗಲ ಎಲ್ಲ ಬಿಟ್ಟು ಯಾವುದು ಯಾವುದಕ್ಕೆ ಕೂಡಿದೆ ಎಂಬುದನ್ನಷ್ಟೇ ನೋಡಿದ. ಈ ಬದುವಿನ ಮೇಲೆ ಒಂದು ರಾತ್ರಿ ಕಳೆದರೆ ಆ ನೋಟ ತಾನಾಗಿ ಬರುತ್ತದೆ.

ತಲೆ ಎತ್ತಿ. ಅತ್ತ ಆಕಾಶಕ್ಕೆ ಹಳದಿ ಬಳಿದಂತೆ ದಾವಣಗೆರೆ. ಆ ಊರಿಗೆ ಕುಡಿಯುವ ನೀರು ಎರಡು ಕಡೆಯಿಂದ: ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿದ್ದು, ಭದ್ರಾ ನಾಲೆಯಿಂದ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆ ತುಂಬಿಸಿಕೊಂಡದ್ದು. ಒಂದು ಕೈಕೊಟ್ಟರೆ ಇನ್ನೊಂದಿದೆ ಅನ್ನಿಸುತ್ತದೆ. ಆದರೆ ಎರಡನ್ನೂ ಹಿಡಿದು ಮೇಲಕ್ಕೆ ನಡೆಯಿರಿ. ಬೇಸಿಗೆಯಲ್ಲಿ ನದಿ ಬತ್ತಿದಾಗ ಅದಕ್ಕೂ ನೀರು ಬಿಡುವುದು ಅದೇ ಭದ್ರಾ ಅಣೆಕಟ್ಟೆಯಿಂದ. ನಕ್ಷೆಯಲ್ಲಿ ಗೆರೆ ಎರಡು, ಬುಡ ಒಂದು. ನಲ್ಲಿಯೂ ಈ ತೂಬೂ ಒಂದೇ ಮರದ ಎಲೆಗಳು.

ಅಣೆಕಟ್ಟೆಯ ಮಟ್ಟ 186 ಅಡಿ ಮುಟ್ಟಿ ಭರ್ತಿಯಾದರೆ ಪತ್ರಿಕೆಗಳ ಮುಖಪುಟದಲ್ಲಿ ಸುದ್ದಿ. ಈ ತೂಬಿನ ಮಟ್ಟವನ್ನೂ ದಿನಾ ಬರೆದಿಡಬೇಕು. ನಾಲೆಯ ಆರೋಗ್ಯ ತಿಳಿಯುವುದು ಇಲ್ಲೇ.

ನಾಲ್ಕರ ಹೊತ್ತಿಗೆ ಸಣ್ಣ ಸದ್ದು. ಪ್ಲಾಸ್ಟಿಕ್ ಚೀಲ ಅಲುಗುತ್ತದೆ. ಯಜಮಾನ ಅದನ್ನು ಕಿತ್ತೆಸೆದು, ಕತ್ತಲಲ್ಲೇ ಕೈಯಿಳಿಸಿ ಅಳೆಯುತ್ತಾನೆ. ಆಮೇಲೆ ಫೋನು ಎತ್ತುತ್ತಾನೆ.

"ಬಂತಪ್ಪಾ. ನಾಲ್ಕು ಬೆರಳು."