ತಾರೀಖು ಹೇಳದ ರೈಲು

ಟೊರೊಂಟೊ, ಅಕ್ಟೋಬರ್ 2024

ಪ್ರೀತಿಯ ತಮ್ಮಾ,

ಇಲ್ಲಿ ಎಗ್ಲಿಂಟನ್ ಅವೆನ್ಯೂವಿನಲ್ಲಿ 34ನೇ ನಂಬರ್ ಬಸ್ಸಿಗೆ ಕಾಯುತ್ತಾ ನಿಂತವರ ಪಕ್ಕದಲ್ಲೇ ಹೊಸ ರೈಲು ಹಾದುಹೋಗುತ್ತದೆ. ಒಳಗೆ ದೀಪ ಉರಿಯುತ್ತಿರುತ್ತದೆ, ಸೀಟೆಲ್ಲ ಖಾಲಿ. ಅದು ಪರೀಕ್ಷೆಯ ಓಡಾಟ. ಸ್ಟಾಪಿನಲ್ಲಿ ನಿಂತವರು ತಲೆ ಎತ್ತಿಯೂ ನೋಡುವುದಿಲ್ಲ, ನೋಡಿ ನೋಡಿ ಸಾಕಾಗಿದೆ.

ಎಗ್ಲಿಂಟನ್ ಕ್ರಾಸ್‌ಟೌನ್ ಎಂಬ ಈ ಮಾರ್ಗ 19 ಕಿ.ಮೀ. ಉದ್ದ. 25 ನಿಲ್ದಾಣಗಳು, ಸುಮಾರು ಅರ್ಧ ದಾರಿ ನೆಲದಡಿ. ಕೆಲಸ ಶುರುವಾದದ್ದು 2011ರಲ್ಲಿ, ರೈಲು ಓಡಬೇಕಾಗಿದ್ದದ್ದು 2020ಕ್ಕೆ. ಅದು 2021 ಆಯಿತು, ಮತ್ತೆ 2022 ಆಯಿತು. ಅಲ್ಲಿಂದಾಚೆಗೆ ವರ್ಷ ಹೇಳುವುದನ್ನೇ ಬಿಟ್ಟರು. ಕಟ್ಟಿಸುತ್ತಿರುವುದು ಒಂಟಾರಿಯೊ ಸರ್ಕಾರದ ಮೆಟ್ರೋಲಿಂಕ್ಸ್ ಸಂಸ್ಥೆ. ಅದರ ಮುಖ್ಯಸ್ಥ ಫಿಲ್ ವೆರ್ಸ್ಟರ್ 2023ರ ಸೆಪ್ಟೆಂಬರಿನಲ್ಲಿ ಪತ್ರಕರ್ತರ ಮುಂದೆ ಬಂದು, ಇನ್ನೂ ಹಲವು ಲೋಪಗಳನ್ನು ಸರಿಪಡಿಸಬೇಕಿದೆ, ದಿನ ಈಗ ಹೇಳುವುದಿಲ್ಲ, ತೆರೆಯುವ ಮೂರು ತಿಂಗಳ ಮುಂಚೆ ತಿಳಿಸುತ್ತೇವೆ ಎಂದರು.

ಕೆಲಸ ಸುಲಭದ್ದಲ್ಲ, ನಿಜ. ಯಂಗ್ ಸ್ಟ್ರೀಟ್ ಕೂಡುವ ಕಡೆ 1954ರ ಹಳೆಯ ಸಬ್‌ವೇ ನಿಲ್ದಾಣದ ಅಡಿಯಲ್ಲೇ ಹೊಸದನ್ನು ಕಟ್ಟಬೇಕಿತ್ತು, ಅದೂ ಮೇಲಿನ ರೈಲು ಓಡುತ್ತಿರುವಾಗಲೇ. ಇನ್ನೊಂದು ಕಡೆ ಹಳಿಯ ಕೆಳಗಿನ ಕಾಂಕ್ರೀಟಿನ ಅಳತೆ ತಪ್ಪಿ ಮತ್ತೆ ಕೈ ಹಾಕಬೇಕಾಯಿತು. ಗುತ್ತಿಗೆದಾರರ ಕೂಟಕ್ಕೂ ಸಂಸ್ಥೆಗೂ ಕೋರ್ಟಿನಲ್ಲಿ ಜಗಳ. ಇದನ್ನೆಲ್ಲ ಬಿಡಿಸಿ ಹೇಳಿದ್ದರೆ ಜನ ಅರ್ಥ ಮಾಡಿಕೊಳ್ಳುತ್ತಿದ್ದರು. ಆದರೆ ಬಹುಪಾಲು ಸಂಗತಿ ಅವರಿಗೆ ಗೊತ್ತಾದದ್ದು ಪತ್ರಿಕೆಯವರು ಕೆದಕಿದ ಮೇಲೆ.

ರೈಲು ಬಂದೀತೇ ಎಂಬ ಹಳಬರ ಅನುಮಾನಕ್ಕೆ ಬೇರೆ ಕಾರಣವೂ ಇದೆ. ಇದೇ ರಸ್ತೆಯಡಿ 1994ರಲ್ಲಿ ಸಬ್‌ವೇಗೆಂದು ಅಗೆಯಲು ಶುರುಮಾಡಿದ್ದರು. ಮರುವರ್ಷ ಒಂಟಾರಿಯೊದಲ್ಲಿ ಅಧಿಕಾರಕ್ಕೆ ಬಂದ ಮೈಕ್ ಹ್ಯಾರಿಸ್ ಸರ್ಕಾರ ಯೋಜನೆ ಕೈಬಿಟ್ಟು, ತೋಡಿದ ಗುಂಡಿಯನ್ನು ಮುಚ್ಚಿಸಿಬಿಟ್ಟಿತು.

ಈ ಕಾಮಗಾರಿಯಿಂದ ಹೆಚ್ಚು ಪೆಟ್ಟು ತಿಂದದ್ದು ಮಾರ್ಗದ ಪಶ್ಚಿಮ ಭಾಗದ ಲಿಟಲ್ ಜಮೈಕಾ. ಕೆರಿಬಿಯನ್ ದ್ವೀಪಗಳಿಂದ ಬಂದವರು ದಶಕಗಳಿಂದ ಕಟ್ಟಿಕೊಂಡ ಬೀದಿ ಇದು. ಕ್ಷೌರದಂಗಡಿ, ಪ್ಯಾಟಿ ಮಾರುವ ಅಂಗಡಿ, ಒಂದು ಕಾಲಕ್ಕೆ ಸಾಲು ಸಾಲಾಗಿ ರೆಗ್ಗೆ ರೆಕಾರ್ಡ್ ಅಂಗಡಿಗಳು. ಪಕ್ಕದ ಓಣಿಗೆ ರೆಗ್ಗೆ ಲೇನ್ ಎಂದೇ ಹೆಸರಿಟ್ಟಿದ್ದಾರೆ. ವರ್ಷಗಟ್ಟಲೆ ಅಂಗಡಿಗಳ ಎದುರಿಗೆ ಬೇಲಿ ನಿಂತಿತ್ತು, ಪಾರ್ಕಿಂಗ್ ಹೋಯಿತು. ಅಲ್ಲಿನ ಕ್ಷೌರಿಕರೊಬ್ಬರು ಕತ್ತರಿ ಕೆಳಗಿಡದೆಯೇ ವಿವರಿಸಿದರು: ಅವರ ಗಿರಾಕಿಗಳು ಬಹಳ ಮಂದಿ ದೂರದ ಬಡಾವಣೆಗಳಿಂದ ಕಾರಿನಲ್ಲಿ ಬರುವವರು, ಕಾರು ನಿಲ್ಲಿಸಲು ಜಾಗವಿಲ್ಲದೆ ಎರಡು ಸಲ ವಾಪಸ್ ಹೋದವರು ಮೂರನೇ ಸಲ ಬರುವುದಿಲ್ಲ. ಬಾಡಿಗೆ ಮಾತ್ರ ತಿಂಗಳು ತಪ್ಪದೆ ಬರುತ್ತದೆ. ಅವರ ಸಾಲಿನಲ್ಲಿ ಮುಚ್ಚಿದ ಷಟರುಗಳು ಒಂದೆರಡಲ್ಲ. ಕಟ್ಟಿ ಮುಗಿದ ನಿಲ್ದಾಣಕ್ಕೂ ಬೀಗ ಬಿದ್ದಿದೆ. ಗಾಜಿನಾಚೆ ಟಿಕೆಟ್ ಯಂತ್ರಗಳು ಕಾಣುತ್ತವೆ.

ನೀನೂ ಅಂಗಡಿಯವನು, ಆ ಕ್ಷೌರಿಕರ ಕಷ್ಟ ನಿನಗೆ ಬೇಗ ಅರ್ಥವಾಗುತ್ತದೆ. ಬಾಡಿಗೆ ಕರಾರು ಐದು ವರ್ಷದ್ದು, ರೈಲಿನ ಬಗ್ಗೆ ಸಿಗುವ ಸೂಚನೆ ಮೂರು ತಿಂಗಳದ್ದು. ರೈಲು ಬೇಗ ಬರುವುದಾದರೆ ಸಾಲ ಮಾಡಿಯಾದರೂ ಅಂಗಡಿ ಉಳಿಸಿಕೊಳ್ಳಬಹುದು, ತಡವಾಗುವುದಾದರೆ ಬಿಟ್ಟು ಬೇರೆ ಕಡೆ ಹೋಗಬಹುದು. ಎರಡೂ ಗೊತ್ತಾಗದಿದ್ದರೆ ಕೈಯಲ್ಲಿದ್ದ ಉಳಿತಾಯ ಕರಗುತ್ತದೆ. ತಪ್ಪು ತಾರೀಖು ಕೊಟ್ಟು ಹೆಸರು ಕೆಡಿಸಿಕೊಳ್ಳುವುದು ಬೇಡ ಎಂದು ಸಂಸ್ಥೆ ಬಾಯಿ ಮುಚ್ಚಿಕೊಂಡಿತು. ಅದರಿಂದ ಉಳಿದದ್ದು ಸಂಸ್ಥೆಯ ಮುಖ. ನಷ್ಟದ ಭಾರವೆಲ್ಲ ಬಾಡಿಗೆ ಕಟ್ಟುವವನ ತಲೆಗೆ ಬಂತು. ಇದು ಅನ್ಯಾಯ.

ನಮ್ಮ ಬೆಂಗಳೂರು ಮೆಟ್ರೋದ ಹಳದಿ ಮಾರ್ಗದ ಕಥೆ ಇದಕ್ಕೆ ತಿರುಗುಮುರುಗು. ಇಲ್ಲಿ ರೈಲಿದೆ, ಜನರನ್ನು ಹತ್ತಿಸಿಕೊಳ್ಳುತ್ತಿಲ್ಲ. ಅಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳಿ ಸಿದ್ಧವಾಗಿದೆ, ಓಡಿಸಲು ಸಾಕಷ್ಟು ರೈಲಿಲ್ಲ. ಬೋಗಿಗಳ ಗುತ್ತಿಗೆ ಚೀನಾದ ಸಿಆರ್‌ಆರ್‌ಸಿಗೆ ಹೋದದ್ದು 2019ರಲ್ಲಿ. ಭಾರತದಲ್ಲೇ ಕಾರ್ಖಾನೆ ಮಾಡಬೇಕೆಂಬ ಷರತ್ತು ಈಡೇರಲಿಲ್ಲ, ಕೊನೆಗೆ ಭಾರತದ ಟಿಟಾಗಢ ಕಂಪನಿ ಜೊತೆಗೂಡಿತು, ಮೊದಲ ರೈಲು ಬಂದದ್ದು ಈ ವರ್ಷದ ಫೆಬ್ರವರಿಯಲ್ಲಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನ ದಟ್ಟಣೆಯಲ್ಲಿ ದಿನವೂ ಸಿಕ್ಕಿಹಾಕಿಕೊಳ್ಳುವವರಿಗೆ ಇದನ್ನು ವರ್ಷ ವರ್ಷವೂ ನೇರವಾಗಿ ಹೇಳಬೇಕಾಗಿತ್ತು.

ನಿನ್ನ ಅಂಗಡಿ ಇರುವ ಬನ್ನೇರುಘಟ್ಟ ರಸ್ತೆಯಲ್ಲೂ ಗುಲಾಬಿ ಮಾರ್ಗದ ಕೆಲಸ ನಡೆಯುತ್ತಿದೆಯಲ್ಲ. ನಿಮ್ಮ ವರ್ತಕರ ಸಂಘದವರು ಅಧಿಕಾರಿಗಳನ್ನು ಕಾಣಲು ಹೋದಾಗ ಉದ್ಘಾಟನೆಯ ದಿನವೊಂದನ್ನೇ ಕೇಳಿ ಬರಬೇಡಿ. ನಿಮ್ಮ ನಿಲ್ದಾಣದಲ್ಲಿ ಯಾವ ಕೆಲಸ ಬಾಕಿ, ಯಾವುದು ಯಾರಿಂದ ನಿಂತಿದೆ, ಬ್ಯಾರಿಕೇಡ್ ಯಾವ ತಿಂಗಳು ತೆಗೆಯುತ್ತಾರೆ ಎಂದು ಬರವಣಿಗೆಯಲ್ಲಿ ಕೇಳಿ. ತಿಂಗಳಿಗೊಮ್ಮೆ ಆ ಪಟ್ಟಿಯನ್ನು ಸ್ಥಳದಲ್ಲೇ, ಕನ್ನಡದಲ್ಲಿ ಹಾಕಿಸಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಹತ್ತು ರೂಪಾಯಿಯ ಕೆಲಸ. ಇಲ್ಲಿನ ಬೀದಿಯವರಿಗೆ ಸಿಗದ ಪಟ್ಟಿ ನಿಮಗಾದರೂ ಸಿಗಲಿ.

ಅಮ್ಮನಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಮುದ್ದು.

ನಿನ್ನ ಅಕ್ಕ