ಯಾರ ಹೆಸರು ಮೊದಲು?

ಕಳೆದ ವರ್ಷ ರಾಜ್ಯೋತ್ಸವಕ್ಕೆಂದು ನಮ್ಮ ಕನ್ನಡ ತರಗತಿಯ ಎಂಟು ಮಕ್ಕಳು ಸೇರಿ ಒಂದು ಸಾಕ್ಷ್ಯಚಿತ್ರ ಮಾಡಿದ್ದು ನಿಮಗೆ ನೆನಪಿರಬಹುದು. ಚಿತ್ರ ಮುಗಿಯಿತು, ಜಗಳ ಶುರುವಾಯಿತು. ‘ನಿರ್ದೇಶನ’ ಎಂದು ಯಾರ ಹೆಸರು ಹಾಕುವುದು? ಎರಡು ದಿನ ಮಾತು ಬಿಟ್ಟವರೂ ಇದ್ದರು. ಶಿಕ್ಷಕಿಯರಾದ ನಾವು ಅಕಾರಾದಿಯಾಗಿ ಎಂಟೂ ಹೆಸರು ಬರೆದು ಕೈ ತೊಳೆದುಕೊಂಡೆವು.

ಆಮೇಲೆ ನಾವು ಗಿನಿ-ಬಿಸ್ಸೌ ದೇಶದ ಕಥೆ ಓದಿದೆವು. ಪಶ್ಚಿಮ ಆಫ್ರಿಕಾದ ಈ ಪುಟ್ಟ ದೇಶ ಪೋರ್ಚುಗಲ್ ವಿರುದ್ಧ ಹೋರಾಡುತ್ತಿದ್ದಾಗಲೇ, 1967ರಲ್ಲಿ, ನಾಯಕ ಅಮಿಲ್ಕಾರ್ ಕಬ್ರಾಲ್ ನಾಲ್ವರು ಹರೆಯದವರನ್ನು ಸಿನಿಮಾ ಕಲಿಯಲು ಕ್ಯೂಬಾಕ್ಕೆ ಕಳುಹಿಸಿದರು. ಸಾನಾ ನಾ ನ್ಹಾಡಾ, ಫ್ಲೋರಾ ಗೋಮೆಸ್ (ಹೆಸರು ಕೇಳಿ ಮೋಸ ಹೋಗಬೇಡಿ, ಇವರು ಗಂಡಸು), ಜೋಸೆಫಿನಾ ಕ್ರಾಟೊ, ಜೋಸೆ ಬೊಲಾಮಾ. ಯುದ್ಧದ ನಡುವೆ ಕ್ಯಾಮೆರಾ ಏಕೆ ಎನ್ನುತ್ತೀರಾ? ಬಹುಪಾಲು ಜನಕ್ಕೆ ಓದು ಬರುತ್ತಿರಲಿಲ್ಲ, ಊರಿಗೊಂದು ಭಾಷೆ. ತಮ್ಮ ದೇಶವನ್ನು ಅವರು ಕಣ್ಣಿಂದಲೇ ನೋಡಬೇಕಿತ್ತು.

1973ರ ಜನವರಿ 20ರಂದು ಕೊನಾಕ್ರಿಯಲ್ಲಿ ಕಬ್ರಾಲರ ಕೊಲೆಯಾಯಿತು. ಅದೇ ಸೆಪ್ಟೆಂಬರ್ 24ರಂದು ಬೋಯೆ ಪ್ರದೇಶದಲ್ಲಿ ಸ್ವಾತಂತ್ರ್ಯ ಘೋಷಣೆಯಾದಾಗ ಅವರು ಇರಲಿಲ್ಲ. ಅವರು ಕಳುಹಿಸಿ ಕಲಿಸಿದವರ ಕ್ಯಾಮೆರಾ ಇತ್ತು. 1976ರಲ್ಲಿ ಅವರ ಪಾರ್ಥಿವ ಶರೀರ ತಾಯ್ನಾಡಿಗೆ ಮರಳಿದ್ದನ್ನೂ ಈ ಗೆಳೆಯರು ಗುಂಪಾಗಿಯೇ ಚಿತ್ರಿಸಿದರು. ಸುಮಾರು ಅರ್ಧ ಗಂಟೆಯ ಆ ಚಿತ್ರ ಯಾರೊಬ್ಬರದೂ ಅಲ್ಲ.

ಮುಂದೆ ದುಡ್ಡಿಲ್ಲ, ನೋಡಿಕೊಳ್ಳುವವರಿಲ್ಲ. 1998-99ರ ಅಂತರ್ಯುದ್ಧದಲ್ಲಿ ಎಷ್ಟೋ ರೀಲುಗಳು ಹಾಳಾದವು. ಉಳಿದವನ್ನು 2012ರಲ್ಲಿ ಬರ್ಲಿನ್‌ಗೆ ಒಯ್ದು ಡಿಜಿಟಲ್ ಮಾಡಲಾಯಿತು. ಹಲವಕ್ಕೆ ಧ್ವನಿಯೇ ಇರಲಿಲ್ಲ. 2014ರಲ್ಲಿ ಅವುಗಳನ್ನು ಗಿನಿ-ಬಿಸ್ಸೌನ ಊರೂರಿಗೆ ಕೊಂಡೊಯ್ದು ತೋರಿಸಿದಾಗ, ತೆಗೆದವರೇ ಪರದೆಯ ಪಕ್ಕ ನಿಂತು ಅಲ್ಲಿ ಕಾಣುವುದನ್ನು ಜನರಿಗೆ ವಿವರಿಸಿದರು.

ಇದನ್ನು ಓದಿದಾಗ ನಮಗೆ ನಾಚಿಕೆಯಾಯಿತು. ಹೆಸರಿಗಾಗಿ ಎರಡು ದಿನ ಪಂಚಾಯಿತಿ ಮಾಡಿದ ನಾವು, ಮಕ್ಕಳು ತೆಗೆದ ಮೂಲ ತುಣುಕುಗಳನ್ನು ಕಾದಿಡಲಿಲ್ಲ. ಮೊಬೈಲ್ ಬದಲಾಯಿಸುವಾಗ ಎಲ್ಲ ಹೋಯಿತು. ಊರಿಂದ ಬಂದಿದ್ದ ಒಬ್ಬ ವಿದ್ಯಾರ್ಥಿನಿಯ ಅಜ್ಜಿ ಅರ್ಧ ಗಂಟೆ ಮಾತಾಡಿದ್ದರು. ಚಿತ್ರದಲ್ಲಿ ಉಳಿದಿರುವುದು ಇಪ್ಪತ್ತು ಸೆಕೆಂಡು, ಅದರ ಮೇಲೂ ನಾವು ಹಾಡು ಹಾಕಿದ್ದೇವೆ. ಆ ಅಜ್ಜಿ ಈಗಿಲ್ಲ.

ಎಂಟೂ ಮಕ್ಕಳನ್ನು ಮತ್ತೆ ಕರೆದಿದ್ದೇವೆ. ಹಾಡು ನಿಲ್ಲಿಸಿ, ಚಿತ್ರ ತೋರಿಸಿ, ಅಜ್ಜಿ ಏನೇನು ಹೇಳಿದರೆಂದು ಒಬ್ಬೊಬ್ಬರಾಗಿ ಹೇಳಿಸುತ್ತಿದ್ದೇವೆ. ಮೊದಲ ದಿನ ಮೂವರಿಗೆ ಮೂರು ಬಗೆಯ ನೆನಪು. ಮೂರನ್ನೂ ಬರೆದುಕೊಂಡೆವು.